ಬೆಟ್ಟ ಹತ್ತುವ ಮುನ್ನ ಹಿಮದ ಪರೀಕ್ಷೆ

ಬೇಸಿಗೆ ರಜೆ ಎಂದರೆ ನಮ್ಮ ಕಾಲದಲ್ಲಿ ಅಜ್ಜಿಯ ಮನೆ, ಮಾವಿನ ತೋಪು, ಬಹಳವೆಂದರೆ ಶೃಂಗೇರಿ, ಧರ್ಮಸ್ಥಳದ ಪ್ರಯಾಣ. ಈಗ ಹಾಗಿಲ್ಲ. ಮೇ ತಿಂಗಳು ಬಂತೆಂದರೆ ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳಿಂದಲೂ ಹುಡುಗ ಹುಡುಗಿಯರು ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಹಿಮಾಲಯಕ್ಕೆ ಹೊರಡುತ್ತಾರೆ. ಅವರಿಗೆ ಸಂಭ್ರಮ. ಮನೆಯಲ್ಲಿ ಉಳಿಯುವ ಅಜ್ಜ ಅಜ್ಜಿಯರಿಗೆ ಮಾತ್ರ ಒಂದೇ ಯೋಚನೆ: ಅಲ್ಲಿ ಹಿಮ ಕುಸಿದರೆ ಏನು ಗತಿ?

ಈ ಪ್ರಶ್ನೆಗೆ 'ದೇವರಿದ್ದಾನೆ ಬಿಡಿ' ಎಂಬ ಉತ್ತರ ಸಾಲದು. ಹಿಮ ಯಾವಾಗ ಗಟ್ಟಿ, ಯಾವಾಗ ಸಡಿಲ ಎಂದು ತಿಳಿಯುವುದಕ್ಕೆ ಬೆಟ್ಟ ಬಲ್ಲವರ ಬಳಿ ಸ್ಪಷ್ಟವಾದ ಪರೀಕ್ಷೆಗಳಿವೆ. ನನ್ನ ಮೊಮ್ಮಗಳು ಹಿಮಾಚಲ ಪ್ರದೇಶದ ಒಂದು ಶಿಖರ ಹತ್ತಲು ಹೋದಾಗ, ಅವಳ ತಂಡದ ಜೊತೆ ಕೆಳಗಿನ ಬಿಡಾರದವರೆಗೆ ನಾನೂ ಹೋಗಿದ್ದೆ. ಅಲ್ಲಿ ಆ ಪರೀಕ್ಷೆಗಳನ್ನು ಕಣ್ಣಾರೆ ಕಂಡೆ. ಮಕ್ಕಳಿಗೂ ಹಿರಿಯರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದದ ವಿಚಾರ. ನಮ್ಮಲ್ಲಿ 'ಹಿಮಪಾತ' ಎಂಬ ಮಾತನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಆಕಾಶದಿಂದ ಹಿಮ ಬೀಳುವುದಕ್ಕೂ ಅದೇ, ಬೆಟ್ಟದ ಮೇಲೆ ಕುಳಿತ ಹಿಮ ಜಾರಿ ಉರುಳುವುದಕ್ಕೂ ಅದೇ. ಇಲ್ಲಿ ನಾನು ಎರಡನೆಯದನ್ನು 'ಹಿಮಕುಸಿತ' ಎಂದೇ ಕರೆಯುತ್ತೇನೆ.

ಮನಾಲಿಯಿಂದ ಉತ್ತರಕ್ಕೆ ಸುಮಾರು 13 ಕಿ.ಮೀ. ಹೋದರೆ ಸೋಲಂಗ್ ಕಣಿವೆ. ಅಲ್ಲಿಂದ ಮುಂದೆ ಧುಂಡಿ. ಇದರ ಹತ್ತಿರವೇ ಅಟಲ್ ಸುರಂಗದ ದಕ್ಷಿಣದ ಬಾಗಿಲು. 9.02 ಕಿ.ಮೀ. ಉದ್ದದ ಈ ಸುರಂಗ 2020ರ ಅಕ್ಟೋಬರ್ 3ರಂದು ಸಂಚಾರಕ್ಕೆ ತೆರೆಯಿತು. ಸುರಂಗಕ್ಕೆ ಹೋಗುವ ರಸ್ತೆಗೆ ಕೆಲವು ಕಡೆ ಕಾಂಕ್ರೀಟಿನ ಮಾಡು ಹಾಕಿದ್ದಾರೆ. ಮೇಲಿನಿಂದ ಹಿಮ ಕುಸಿದರೆ ಅದು ರಸ್ತೆಯ ಮೇಲೆ ಬೀಳದೆ ಮಾಡಿನ ಮೇಲೆ ಹಾದು ಕೆಳಗಿನ ಕಮರಿಗೆ ಹೋಗಲಿ ಎಂದು. ನಮ್ಮ ಮಲೆನಾಡಿನಲ್ಲಿ ಮಳೆಗೆ ಮಾಡು ಇಳಿಸಿದಂತೆ ಅಲ್ಲಿ ಹಿಮಕ್ಕೆ ಮಾಡು.

ಸುರಂಗದ ಆಚೆ ಲಾಹೌಲ್ ಕಣಿವೆ. 1979ರ ಮಾರ್ಚ್ ತಿಂಗಳಲ್ಲಿ ದಿನಗಟ್ಟಲೆ ಹಿಮ ಬಿದ್ದು, ಕುಸಿತಗಳಲ್ಲಿ ಆ ಕಣಿವೆಯ ಸುಮಾರು 200 ಜನ ಸತ್ತರು. ಆ ಊರುಗಳ ಹಿರಿಯರು ಹಿಮವನ್ನು ನೋಡುವ ರೀತಿ, ಪ್ರವಾಸಿಗಳು ನೋಡುವ ರೀತಿ ಬೇರೆ ಬೇರೆ. ನಾವು ಫೋಟೋ ತೆಗೆಯುತ್ತೇವೆ. ಅವರು ಮೇಲಿನ ಇಳಿಜಾರಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಆಮೇಲೆ ಮಾತಾಡುತ್ತಾರೆ.

ಧುಂಡಿಯಿಂದ ಬಿಯಾಸ್ ನದಿಯ ಪಕ್ಕದಲ್ಲೇ ನಡೆದರೆ ಬಕರ್‌ಥಾಚ್ ಎಂಬ ಹುಲ್ಲುಗಾವಲು ಸಿಗುತ್ತದೆ. 'ಥಾಚ್' ಎಂದರೆ ಅಲ್ಲಿಯ ಭಾಷೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲು. ಬೇಸಿಗೆಯಲ್ಲಿ ಗದ್ದಿ ಕುರುಬರು ತಮ್ಮ ಕುರಿ, ಮೇಕೆಗಳನ್ನು ಇಂಥ ಥಾಚ್‌ಗಳಿಗೆ ಹೊಡೆದುಕೊಂಡು ಬರುತ್ತಾರೆ. ನಾವು ಹೋದದ್ದು ಮೇ ತಿಂಗಳ ಮೊದಲ ವಾರ. ಹುಲ್ಲು ಇನ್ನೂ ಮೊಳೆಯುತ್ತಿತ್ತು. ನೆರಳಿನ ಜಾಗಗಳಲ್ಲಿ ಹಿಮ ಹಾಗೆಯೇ ಇತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಉಸಿರೆಳೆದುಕೊಂಡು, ಯುವಕರು ಎರಡೂವರೆ ಗಂಟೆಯಲ್ಲಿ ನಡೆದ ದಾರಿಯನ್ನು ನಾನು ಐದು ಗಂಟೆಯಲ್ಲಿ ನಡೆದೆ.

ಎದುರಿಗೆ ಹನುಮಾನ್ ಟಿಬ್ಬಾ, ಶಿಟಿಧಾರ್, ಲದ್ದಾಖಿ ಶಿಖರಗಳು. ತಂಡ ಹತ್ತಬೇಕಿದ್ದದ್ದು ಫ್ರೆಂಡ್‌ಶಿಪ್ ಶಿಖರ. ಎತ್ತರ 5,289 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎಷ್ಟು ಪಟ್ಟು ಹೆಚ್ಚು ಎಂದು ಮಕ್ಕಳೇ ಲೆಕ್ಕ ಹಾಕಿ ನೋಡಿ.

ತಂಡದಲ್ಲಿ ಆರು ಮಂದಿ ಯುವಕ ಯುವತಿಯರು, ಇಬ್ಬರು ಮಾರ್ಗದರ್ಶಕರು. ಹಿರಿಯ ಮಾರ್ಗದರ್ಶಕರು ಮನಾಲಿಯ ಹತ್ತಿರದ ಹಳ್ಳಿಯವರು. ವಯಸ್ಸು ಐವತ್ತು ದಾಟಿತ್ತು. ಎಲ್ಲರೂ ಅವರನ್ನು 'ಉಸ್ತಾದ್‌ಜಿ' ಎನ್ನುತ್ತಿದ್ದರು. ಮಾತು ಕಡಿಮೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುತ್ತಿರಲಿಲ್ಲ. ನನಗೆ ತೋಚಿದ ಪ್ರಶ್ನೆಗಳನ್ನೆಲ್ಲ ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಅವರು ಮೊದಲು ಕೈಗೆತ್ತಿಕೊಂಡದ್ದು ಇಳಿಜಾರಿನ ಅಳತೆ. ಹಿಮಕುಸಿತಗಳಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಹಲಗೆಯಂತೆ ಒಂದೇ ಪದರವಾಗಿ ಜಾರುವ ಬಗೆ. ಅದು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿಮೆ ಇಳಿಜಾರಿದ್ದರೆ ಹಿಮ ಸಾಮಾನ್ಯವಾಗಿ ಕುಳಿತಲ್ಲೇ ಕುಳಿತಿರುತ್ತದೆ. ತೀರ ಕಡಿದಾಗಿದ್ದರೆ ಹಿಮ ಅಲ್ಲಿ ನಿಲ್ಲುವುದೇ ಇಲ್ಲ. ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಉದುರಿಹೋಗುತ್ತದೆ. ಕಷ್ಟವೆಂದರೆ, ಮನುಷ್ಯರಿಗೆ ಹತ್ತಲು ಚೆನ್ನಾಗಿ ಕಾಣುವ ಇಳಿಜಾರೂ ಹಿಮಕ್ಕೆ ಜಾರಲು ಅನುಕೂಲವಾದ ಇಳಿಜಾರೂ ಬಹುಮಟ್ಟಿಗೆ ಒಂದೇ.

ಅಳೆಯಲು ಅವರ ಬಳಿ ಒಂದು ಸಣ್ಣ ಉಪಕರಣವಿತ್ತು. ಮಕ್ಕಳೇ, ಅದನ್ನು ನೀವೂ ಮಾಡಿಕೊಳ್ಳಬಹುದು. ನಿಮ್ಮ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕ ತೆಗೆದುಕೊಳ್ಳಿ. ಅದರ ನಡುಬಿಂದುವಿಗೆ ಒಂದು ದಾರ ಕಟ್ಟಿ, ದಾರದ ತುದಿಗೆ ಒಂದು ಗುಂಡಿ ಅಥವಾ ವಾಷರ್ ತೂಗಬಿಡಿ. ನೇರ ಅಂಚು ಮೇಲೆ ಬರುವಂತೆ ಹಿಡಿದು, ಆ ಅಂಚನ್ನು ಇಳಿಜಾರಿಗೆ ಸಮನಾಗಿ ಇಡಿ. ಸಮತಟ್ಟಾದ ನೆಲದಲ್ಲಿ ದಾರ 90ನ್ನು ತೋರಿಸುತ್ತದೆ. ಇಳಿಜಾರಿನಲ್ಲಿ 60 ತೋರಿಸಿದರೆ, 90ರಿಂದ 60 ಕಳೆಯಿರಿ. ಉಳಿದ 30 ಡಿಗ್ರಿಯೇ ಆ ಇಳಿಜಾರು. ಮನೆಯ ಮಹಡಿ ಮೆಟ್ಟಿಲು ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೆಟ್ಟಿಲ ಕೈಪಿಡಿಯ ಮೇಲೆ ಅಳೆದು ನೋಡಿದರೆ ಹಿಮ ಜಾರುವ ಇಳಿಜಾರು ನಾವು ಅಂದುಕೊಂಡಷ್ಟು ಭಯಂಕರವಾದ ಕಡಿದಲ್ಲ ಎಂದು ತಿಳಿಯುತ್ತದೆ.

"ಹಾಗಾದರೆ ಸಮತಟ್ಟಾದ ಜಾಗದಲ್ಲಿ ನಿಂತರೆ ಭಯವಿಲ್ಲ ಅಲ್ಲವೇ?" ಎಂದು ಕೇಳಿದೆ.

"ಬಾಬೂಜಿ, ನೀವು ನಿಂತ ಜಾಗ ಮಾತ್ರ ನೋಡಬೇಡಿ. ನಿಮ್ಮ ತಲೆಯ ಮೇಲೆ ಏನಿದೆ ನೋಡಿ" ಎಂದರು. ಮೇಲಿನ ಕಡಿದಾದ ಇಳಿಜಾರಿನಿಂದ ಹೊರಟ ಹಿಮ ಕೆಳಗಿನ ಬಯಲಿನಲ್ಲೂ ಬಹಳ ದೂರ ನುಗ್ಗಿ ಬರುತ್ತದೆ. ಆದ್ದರಿಂದಲೇ ನಮ್ಮ ಗುಡಾರಗಳನ್ನು ಕಮರಿಯ ಬಾಯಿಗೆ ಎದುರಾಗಿ ಹಾಕದೆ, ಒಂದು ದಿಬ್ಬದ ಪಕ್ಕಕ್ಕೆ ಸರಿಸಿ ಹಾಕಿದ್ದರು. ನೀರಿಗೆ ಸ್ವಲ್ಪ ದೂರವಾಯಿತೆಂದು ಅಡಿಗೆಯ ಹುಡುಗ ಗೊಣಗುತ್ತಿದ್ದ. ಉಸ್ತಾದ್‌ಜಿ ಅದಕ್ಕೆ ಕಿವಿಗೊಡಲಿಲ್ಲ.

ಎರಡನೆಯ ಪರೀಕ್ಷೆ ಗುಂಡಿ ತೋಡುವುದು. ಸಲಿಕೆಯಿಂದ ಹಿಮದಲ್ಲಿ ಸೊಂಟದಾಳದ ಗುಂಡಿ ತೋಡಿ, ಒಂದು ಬದಿಯನ್ನು ಗೋಡೆಯಂತೆ ನೇರವಾಗಿ ಕೆತ್ತಿದರು. ಆ ಗೋಡೆಯಲ್ಲಿ ಪದರ ಪದರವಾಗಿ ಗೆರೆಗಳು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನಗೆ ಅದು ಪಾಸ್‌ಬುಕ್ಕಿನಂತೆ ಕಂಡಿತು. ಒಂದೊಂದು ಹಿಮಪಾತವೂ ಒಂದೊಂದು ಜಮೆ. ಬಿಸಿಲು ಬಂದು ಕರಗಿದ್ದು, ಗಾಳಿ ಬಂದು ಒತ್ತಿದ್ದು, ಎಲ್ಲವೂ ತಾರೀಖಿನ ಕ್ರಮದಲ್ಲಿ ಅಲ್ಲಿ ದಾಖಲಾಗಿದೆ.

ಆಮೇಲೆ ಅವರು ಪ್ರತಿ ಪದರವನ್ನೂ ಕೈಯಿಂದ ಒತ್ತಿ ನೋಡಿದರು. ಮುಷ್ಟಿ ಒಳಗೆ ಹೋದರೆ ಪದರ ಬಹಳ ಮೆತ್ತಗೆ. ಮುಷ್ಟಿ ಹೋಗದೆ ನಾಲ್ಕು ಬೆರಳು ಹೋದರೆ ಅದಕ್ಕಿಂತ ಗಟ್ಟಿ. ಆಮೇಲೆ ಒಂದು ಬೆರಳು, ಆಮೇಲೆ ಪೆನ್ಸಿಲ್, ಕೊನೆಗೆ ಚಾಕು. ಪ್ರಪಂಚದ ಎಲ್ಲ ಕಡೆಯೂ ಹಿಮ ಪರೀಕ್ಷಿಸುವವರು ಇದೇ ಐದು ಮೆಟ್ಟಿಲಿನ ಅಳತೆ ಬಳಸುತ್ತಾರೆ. ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರ ಸಿಕ್ಕಿದರೆ ಎಚ್ಚರ. ಮೇಲಿನದು ಹಲಗೆ, ಕೆಳಗಿನದು ಜಾರುಮಣೆ.

ಎಲ್ಲಕ್ಕಿಂತ ಕೆಟ್ಟದ್ದು ಸಕ್ಕರೆಯಂಥ ಪದರ. ಚಳಿಗಾಲದ ಕಡುಚಳಿಯಲ್ಲಿ ಹಿಮದ ಒಳಗೇ ಕಾಳುಗಳು ಬೆಳೆದು ಹರಳುಗಳಾಗುತ್ತವೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಉದುರುತ್ತವೆ. ತುಪ್ಪ ಸಾಲದ ರವೆ ಉಂಡೆ ಹಾಗೆ. ಅದರ ಮೇಲೆ ಎಷ್ಟು ಹಿಮ ಕೂತರೂ ಅದು ನಂಬುವಂಥದ್ದಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. ಗುಂಡಿಯ ಗೋಡೆಯಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಹಿಮದ ಕಂಬ ಕೆತ್ತುತ್ತಾರೆ. ಅದರ ತಲೆಯ ಮೇಲೆ ಸಲಿಕೆಯನ್ನು ಮಲಗಿಸಿ ಕೈಯಿಂದ ತಟ್ಟುತ್ತಾರೆ. ಮೊದಲು ಮಣಿಕಟ್ಟಿನಿಂದ ಹತ್ತು ಸಲ ಮೆಲ್ಲಗೆ, ಆಮೇಲೆ ಮೊಣಕೈಯಿಂದ ಹತ್ತು ಸಲ, ಕೊನೆಗೆ ಭುಜದಿಂದ ಹತ್ತು ಸಲ ಜೋರಾಗಿ. ಎಷ್ಟನೆಯ ತಟ್ಟಿಗೆ ಕಂಬದ ಮೇಲ್ಭಾಗ ಮುರಿದು ಜಾರುತ್ತದೆ ಎಂದು ಎಣಿಸುತ್ತಾರೆ. ಮೂರು ನಾಲ್ಕನೆಯ ತಟ್ಟಿಗೇ ಜಾರಿದರೆ ಆ ಇಳಿಜಾರಿಗೆ ಕಾಲಿಡುವಂತಿಲ್ಲ. ಅಂದು ಇಪ್ಪತ್ತು ತಟ್ಟಿದ ಮೇಲೂ ಕಂಬ ನಿಂತೇ ಇತ್ತು.

"ಹಾಗಾದರೆ ಹೋಗಬಹುದು!" ಎಂದು ಒಬ್ಬ ಹುಡುಗ ಚಪ್ಪಾಳೆ ತಟ್ಟಿದ. ಉಸ್ತಾದ್‌ಜಿ ತಲೆ ಅಲ್ಲಾಡಿಸಿದರು. "ಇದು ಈ ಜಾಗದ, ಈ ಹೊತ್ತಿನ ಉತ್ತರ. ಇದು ಚಳಿಗಾಲವಲ್ಲ. ಈಗ ಹೇಳಬೇಕಾದದ್ದು ರಾತ್ರಿ" ಎಂದರು.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ.

ಚಳಿಗಾಲದಲ್ಲಿ ಹಿಮದ ಅಪಾಯ ಬಹುಮಟ್ಟಿಗೆ ಪದರಗಳಲ್ಲಿ, ಹೊಸ ಹಿಮದಲ್ಲಿ, ಗಾಳಿಯಲ್ಲಿ ಇರುತ್ತದೆ. ಹಿಮ ಜೋರಾಗಿ ಬೀಳುತ್ತಿರುವಾಗ, ನಿಂತ ಮೇಲೂ ಒಂದೆರಡು ದಿನ, ಕುಸಿತ ಹೆಚ್ಚು. ಒಂದು ದಿನದಲ್ಲಿ ಒಂದು ಅಡಿ ಹೊಸ ಹಿಮ ಬಿದ್ದರೆ ಯಾವ ಕಾಲದಲ್ಲೇ ಆಗಲಿ ಕಾದು ನೋಡಬೇಕು. ಗಾಳಿ ಬೆಟ್ಟದ ಒಂದು ಬದಿಯ ಹಿಮವನ್ನು ಹೊತ್ತು ಇನ್ನೊಂದು ಬದಿಗೆ ಸುರಿಯುತ್ತದೆ. ಆಕಾಶದಿಂದ ಒಂದು ಚೂರೂ ಬೀಳದಿದ್ದರೂ ಗಾಳಿಮರೆಯ ಇಳಿಜಾರಿನಲ್ಲಿ ರಾಶಿ ಬೀಳುತ್ತದೆ.

ವಸಂತದಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕ ಸೇರುತ್ತದೆ. ಹಗಲು ಬಿಸಿಲಿಗೆ ಹಿಮ ಕರಗಿ, ನೀರು ಕಾಳುಗಳ ನಡುವೆ ಇಳಿಯುತ್ತದೆ. ಕಾಳುಗಳ ಹಿಡಿತ ಸಡಿಲವಾಗುತ್ತದೆ. ರಾತ್ರಿ ಚಳಿಗೆ ಅದೇ ನೀರು ಹೆಪ್ಪುಗಟ್ಟಿ ಕಾಳುಗಳನ್ನು ಸಿಮೆಂಟಿನಂತೆ ಬೆಸೆಯುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಕಾಂಕ್ರೀಟ್ ರಸ್ತೆಯಂತಿರುವ ಇಳಿಜಾರೇ ಮಧ್ಯಾಹ್ನ ಹನ್ನೆರಡಕ್ಕೆ ಕೆಸರುಗದ್ದೆ. ಜಾಗ ಅದೇ, ಹೊತ್ತು ಬೇರೆ. ಆದ್ದರಿಂದ ವಸಂತದಲ್ಲಿ ಶಿಖರ ಹತ್ತುವವರು ನಡುರಾತ್ರಿ ಎದ್ದು ಹೊರಡುತ್ತಾರೆ; ಬಿಸಿಲು ಏರುವ ಮುನ್ನ ಕೆಳಗಿಳಿದುಬಿಡುತ್ತಾರೆ.

ಆದರೆ ಎಲ್ಲ ರಾತ್ರಿಯೂ ಹಿಮವನ್ನು ಗಟ್ಟಿ ಮಾಡುವುದಿಲ್ಲ. ಇದನ್ನು ನಮ್ಮ ಊರಿನ ಅನುಭವದಿಂದಲೇ ತಿಳಿಯಬಹುದು. ಧನುರ್ಮಾಸದಲ್ಲಿ ಆಕಾಶ ನಿರ್ಮಲವಾಗಿದ್ದ ರಾತ್ರಿ ಎಂಥ ಚಳಿ! ಬೆಳಗ್ಗೆ ಹುಲ್ಲಿನ ಮೇಲೆ, ಸ್ಕೂಟರಿನ ಸೀಟಿನ ಮೇಲೆ ಇಬ್ಬನಿ. ಮೋಡ ಮುಚ್ಚಿದ ರಾತ್ರಿಯಾದರೆ ಅಷ್ಟು ಚಳಿಯಿಲ್ಲ. ನೆಲ ತನ್ನ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ತಡೆಯುತ್ತದೆ. ಹಿಮಕ್ಕೂ ಇದೇ ನ್ಯಾಯ. ನಕ್ಷತ್ರ ಕಾಣುವ ರಾತ್ರಿ ಹಿಮ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಮೋಡದ ಕಂಬಳಿ ಹೊದ್ದ ರಾತ್ರಿ ಹಿಮ ಒದ್ದೆಯಾಗಿಯೇ ಉಳಿಯುತ್ತದೆ. ಮಳೆ ಬಂದರಂತೂ ಕೇಳಲೇಬೇಡಿ.

ಮಾರನೆಯ ದಿನ ತಂಡ ಮೇಲಿನ ಬಿಡಾರಕ್ಕೆ ಹೋಯಿತು. ನಾನು ಅಡಿಗೆಯವನ ಜೊತೆ ಬಕರ್‌ಥಾಚ್‌ನಲ್ಲೇ ಉಳಿದೆ. ಹೊರಡುವಾಗ ಮೊಮ್ಮಗಳು, "ತಾತ, ನಾಳೆ ಬೆಳಗ್ಗೆ ದುರ್ಬೀನಿನಲ್ಲಿ ನೋಡುತ್ತಿರಿ, ತುದಿಯಿಂದ ಕೈ ಬೀಸುತ್ತೇನೆ" ಎಂದಳು. ಈ ಪ್ರಯಾಣಕ್ಕಾಗಿ ಅವಳು ಎರಡು ವರ್ಷ ಮನೆಪಾಠ ಹೇಳಿ ಹಣ ಕೂಡಿಟ್ಟಿದ್ದಳು.

ಆ ಸಂಜೆ ಏಳು ಗಂಟೆಗೆ ಹನುಮಾನ್ ಟಿಬ್ಬಾದ ತಲೆಗೆ ಮೋಡ ಕಟ್ಟಿತು. ಒಂಬತ್ತಕ್ಕೆ ಆಕಾಶವೆಲ್ಲ ಮುಚ್ಚಿತು. ಗುಡಾರದ ಹೊರಗೆ ಬಂದು ನಿಂತೆ. ಹಿಂದಿನ ರಾತ್ರಿ ಮೂಗು ಕಡಿಯುತ್ತಿದ್ದ ಚಳಿ ಇರಲಿಲ್ಲ. ನನಗೆ ಹಿತವಾಗಿತ್ತು, ಹಿತವಾಗಿದೆ ಎಂಬುದೇ ಚಿಂತೆಗೂ ಕಾರಣವಾಯಿತು. ನಿದ್ದೆ ಹತ್ತಲಿಲ್ಲ.

ರಾತ್ರಿ ಒಂದು ಗಂಟೆಗೆ ಅಡಿಗೆಯವನ ವಾಕಿಟಾಕಿ ಗೊರಗೊರ ಸದ್ದು ಮಾಡಿತು. ಮೇಲಿನಿಂದ ಉಸ್ತಾದ್‌ಜಿಯ ದನಿ, ಎರಡೇ ಮಾತು: "ಆಜ್ ನಹೀಂ."

ಏನಾಯಿತೆಂದು ಮೊಮ್ಮಗಳು ಆಮೇಲೆ ಹೇಳಿದಳು. ಎಲ್ಲರೂ ಬೂಟು ಕಟ್ಟಿ, ತಲೆಗೆ ದೀಪ ಹಾಕಿ ಸಿದ್ಧರಾಗಿದ್ದರಂತೆ. ಉಸ್ತಾದ್‌ಜಿ ಇಳಿಜಾರಿನ ಬುಡದಲ್ಲಿ ಹತ್ತು ಹೆಜ್ಜೆ ನಡೆದರು. ಮೇಲೆ ತೆಳ್ಳಗೆ ಕೆನೆಗಟ್ಟಿದಂತೆ ಇದ್ದ ಹಿಮ ಕಾಲಿಟ್ಟೊಡನೆ ಮುರಿದು, ಬೂಟು ಮೀನಖಂಡದವರೆಗೆ ಹೂತಿತು. ಒಂದು ಹಿಡಿ ಹಿಮ ತೆಗೆದು ಹಿಂಡಿದರು. ನೀರು ತೊಟ್ಟಿಕ್ಕಿತು. ಅಷ್ಟೆ, ಬೂಟು ಬಿಚ್ಚಿ ಮಲಗಿ ಎಂದರಂತೆ.

ಈ ಬೂಟಿನ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಉಪಯುಕ್ತ. ಬೂಟಿನ ಮುಳ್ಳು ಮಾತ್ರ ಕಚ್ಚಿ ಹಿಮ ಭಾರ ಹೊತ್ತರೆ ಹೊರಡಬಹುದು. ಹಿಮಗಂಟಿನವರೆಗೆ, ಅಂದರೆ ಪಾದದ ಗಂಟಿನವರೆಗೆ ಹೂತರೆ ಹೊತ್ತು ಮೀರುತ್ತಿದೆ ಎಂದರ್ಥ. ಮೀನಖಂಡದವರೆಗೆ, ಮೊಣಕಾಲಿನವರೆಗೆ ಹೂತರೆ ಕಡಿದಾದ ಇಳಿಜಾರನ್ನು ಬಿಟ್ಟುಬಿಡಬೇಕು.

ಬೆಳಗಾಯಿತು. ಆ ದಿನ ಇಡೀ ದುರ್ಬೀನು ಹಿಡಿದು ಕುಳಿತೆ. ಅವರು ಹತ್ತಬೇಕಾಗಿದ್ದ ಇಳಿಜಾರಿನಲ್ಲಿ ಏನೂ ಕುಸಿಯಲಿಲ್ಲ. ಮೇಲೆ ಒಬ್ಬ ಹುಡುಗ ಅದನ್ನೇ ಹಿಡಿದುಕೊಂಡನಂತೆ: "ನೋಡಿ, ಏನೂ ಆಗಲಿಲ್ಲ. ಸುಮ್ಮನೆ ಒಂದು ದಿನ ಹಾಳಾಯಿತು."

ಉಸ್ತಾದ್‌ಜಿ ಸಿಟ್ಟಾಗದೆ, "ನಿಮ್ಮ ಊರಿನಲ್ಲಿ ರೈಲ್ವೆ ಗೇಟು ಇದೆಯೇ?" ಎಂದು ಕೇಳಿದರಂತೆ. "ಗೇಟು ಹಾಕಿದಾಗ ಒಬ್ಬ ಬಗ್ಗಿ ದಾಟಿದ. ರೈಲು ತಾಗಲಿಲ್ಲ. ಹಾಗಾದರೆ ಗೇಟು ಹಾಕಿದ್ದು ತಪ್ಪೇ? ಇವನು ಬುದ್ಧಿವಂತನೇ?" ಹುಡುಗ ಉತ್ತರ ಕೊಡಲಿಲ್ಲ.

ಈ ಮಾತನ್ನು ನಾನು ಬಹಳ ಯೋಚಿಸಿದೆ. ಹಿಮದ ವಿಷಯದಲ್ಲಿ ದೊಡ್ಡ ತೊಡಕು ಇದೇ. ತಪ್ಪು ಮಾಡಿದರೂ ಹತ್ತರಲ್ಲಿ ಒಂಬತ್ತು ಸಲ ಏನೂ ಆಗದೆ ಹೋಗಬಹುದು. ಏನೂ ಆಗದ್ದರಿಂದ ನಾವು ಮಾಡಿದ್ದೇ ಸರಿ ಎಂದು ಮನಸ್ಸು ಕಲಿತುಬಿಡುತ್ತದೆ. ಶಾಲೆಯಲ್ಲಾದರೆ ಮೇಷ್ಟ್ರು ತಪ್ಪಿಗೆ ಕೆಂಪು ಗೆರೆ ಎಳೆಯುತ್ತಾರೆ. ಬೆಟ್ಟ ಗೆರೆ ಎಳೆಯುವುದಿಲ್ಲ. ಆದ್ದರಿಂದ ಮಾಡಿದ ತೀರ್ಮಾನ ಸರಿಯೋ ತಪ್ಪೋ ಎಂದು ಆಮೇಲೆ ಆದದ್ದನ್ನು ನೋಡಿ ಹೇಳಬಾರದು. ತೀರ್ಮಾನ ಮಾಡುವಾಗ ಕಣ್ಣೆದುರು ಯಾವ ಗುರುತುಗಳಿದ್ದವು, ಅವಕ್ಕೆ ಬೆಲೆ ಕೊಟ್ಟರೇ ಇಲ್ಲವೇ ಎಂಬುದನ್ನು ನೋಡಬೇಕು.

ಗುರುತುಗಳಿಗೆ ಬೆಲೆ ಏಕೆ ಕೊಡಬೇಕು ಎಂಬುದಕ್ಕೆ ಒಂದು ಲೆಕ್ಕ. 50 ಮೀಟರ್ ಉದ್ದ, 40 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಹಿಮ ಜಾರಿತು ಎನ್ನಿ. ಬೆಟ್ಟದಲ್ಲಿ ಇದು ಸಣ್ಣ ತುಂಡು. ಗುಣಿಸಿದರೆ 1,000 ಘನ ಮೀಟರ್. ವಸಂತದ ಒದ್ದೆ ಹಿಮ ಒಂದು ಘನ ಮೀಟರಿಗೆ 400 ಕೆ.ಜಿ. ತೂಗುತ್ತದೆ ಎಂದು ಹಿಡಿದರೂ ಒಟ್ಟು 400 ಟನ್. ಹತ್ತು ಟನ್ ಹೊರುವ ಲಾರಿಗಳಾದರೆ ನಲವತ್ತು ಬೇಕು. ಒಣ ಹಿಮದ ಕುಸಿತ ಗಂಟೆಗೆ 100 ಕಿ.ಮೀ. ವೇಗವನ್ನೂ ದಾಟಬಲ್ಲದು. ಒದ್ದೆ ಹಿಮ ಅಷ್ಟು ವೇಗವಾಗಿ ಬಾರದು. ಆದರೆ ನಿಂತ ಕೂಡಲೇ ಗಾರೆಯಂತೆ ಬಿಗಿಯುತ್ತದೆ. ಒಳಗಿದ್ದವನು ಕೈಬೆರಳು ಅಲ್ಲಾಡಿಸುವುದೂ ಕಷ್ಟ. ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಆಮೇಲೆ ಉಸಿರಿಲ್ಲದೆ ಆಸೆ ಬೇಗ ಬೇಗ ಕುಗ್ಗುತ್ತದೆ. ಊರಿನಿಂದ ಸಹಾಯ ಬರುವವರೆಗೆ ಕಾಯುವಂತಿಲ್ಲ. ಪಕ್ಕದಲ್ಲಿದ್ದ ಗೆಳೆಯರೇ ಅಗೆದು ತೆಗೆಯಬೇಕು.

ಹಿರಿಯರಿಗೆ ನೆನಪಿದ್ದೀತು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕಿದಾಗ ಇಡೀ ನಾಡು ಕೈಮುಗಿದಿತ್ತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಯೋಧರಿಗೆ ಹೊತ್ತು, ಜಾಗ ಆರಿಸಿಕೊಳ್ಳುವ ಅವಕಾಶವಿಲ್ಲ. ಅವರು ಇರಬೇಕಾದ ಕಡೆ ಇರುತ್ತಾರೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಪರ್ವತಾರೋಹಣ ಕಲಿಯುತ್ತಿದ್ದ ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತು. 27 ಜನರ ದೇಹಗಳು ದೊರೆತವು, ಇಬ್ಬರು ಕಾಣೆಯಾದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಕಲಿತವರನ್ನೂ ಹಿಮ ಬಿಡುವುದಿಲ್ಲ.

ಸರ್ಕಾರದ ಕಡೆಯಿಂದಲೂ ಎಚ್ಚರಿಕೆಯ ಏರ್ಪಾಡು ಇದೆ. ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೆಂದೇ ಒಂದು ರಕ್ಷಣಾ ಸಂಶೋಧನಾ ಸಂಸ್ಥೆ 1969ರಲ್ಲಿ ಮನಾಲಿಯಲ್ಲಿ ಆರಂಭವಾಯಿತು. 2020ರಲ್ಲಿ ಅದನ್ನು ಇನ್ನೊಂದು ಸಂಸ್ಥೆಯೊಡನೆ ಸೇರಿಸಿದರು; ಈಗ ಅದರ ಮುಖ್ಯ ಕಚೇರಿ ಚಂಡೀಗಢದಲ್ಲಿದೆ. ಚಳಿಗಾಲದಲ್ಲಿ ಅದು ಯಾವ ಜಿಲ್ಲೆಗೆ ಎಷ್ಟು ಅಪಾಯ ಎಂದು ಪ್ರಕಟಿಸುತ್ತದೆ. ಆದರೆ ಜಿಲ್ಲೆಗೆಲ್ಲ ಹೇಳಿದ ಮಾತು ನಮ್ಮ ಕಣ್ಣೆದುರಿನ ಒಂದು ಇಳಿಜಾರಿಗೆ ಸಾಕಾಗುವುದಿಲ್ಲ. ಆ ಕೊನೆಯ ಪರೀಕ್ಷೆಯನ್ನು ಅಲ್ಲಿ ನಿಂತವರೇ ಮಾಡಬೇಕು.

ತಂಡದ ಕಾರ್ಯಕ್ರಮದಲ್ಲಿ ಒಂದು ದಿನವನ್ನು ಕಾಯುವುದಕ್ಕೆಂದೇ ಬಿಟ್ಟಿದ್ದರು. ಎರಡನೆಯ ರಾತ್ರಿ ಮೋಡ ಚದುರಿತು. ಹತ್ತು ಗಂಟೆಗೆ ಹೊರಗೆ ಬಂದರೆ ಆಕಾಶದ ತುಂಬ ನಕ್ಷತ್ರ. ಗುಡಾರದ ಹೊರಗಿಟ್ಟ ತಟ್ಟೆಯ ನೀರು ಹೆಪ್ಪುಗಟ್ಟಿತ್ತು. ಹಿಂದಿನ ರಾತ್ರಿ ಹಿತವಾಗಿದ್ದ ನನಗೆ ಅಂದು ಎರಡು ರಗ್ಗು ಹೊದ್ದರೂ ಹಲ್ಲು ಕಟಕಟ. ಆದರೂ ಮನಸ್ಸಿಗೆ ಸಮಾಧಾನ.

ಒಂದು ಗಂಟೆಗೆ ಅವರು ಹೊರಟರು. ಹೊರಡುವ ಮುನ್ನವೇ ಉಸ್ತಾದ್‌ಜಿ ಒಂದು ಮಾತು ಗೊತ್ತುಮಾಡಿದ್ದರು: ಬೆಳಗ್ಗೆ ಎಂಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು. ಹಿಮ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೆ ದಾರಿಯಲ್ಲಿ ಒಬ್ಬನ ಬೂಟಿಗೆ ಕಟ್ಟಿದ ಮುಳ್ಳಿನ ಪಟ್ಟಿ ಎರಡು ಸಲ ಕಳಚಿ, ಅದನ್ನು ಸರಿಮಾಡುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು. ಎಂಟು ಗಂಟೆಯಾದಾಗ ತುದಿ ಇನ್ನೂ ನೂರು ಮೀಟರಿನಷ್ಟು ಮೇಲಿತ್ತು. ಬಿಸಿಲು ಇಳಿಜಾರಿಗೆ ಬಿದ್ದಿತ್ತು. ಮೇಲಿನ ಬಂಡೆಗಳ ಬುಡದಿಂದ ನಿಂಬೆಹಣ್ಣಿನ ಗಾತ್ರದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರತೊಡಗಿದ್ದವು. ಮೇಲ್ಪದರ ಸಡಿಲವಾಗುತ್ತಿದೆ ಎಂಬುದಕ್ಕೆ ಅದೇ ಮೊದಲ ಗುರುತು. ಉಸ್ತಾದ್‌ಜಿ ಗಡಿಯಾರ ತೋರಿಸಿದರು. ತಂಡ ತಿರುಗಿತು.

ದುರ್ಬೀನಿನಲ್ಲಿ ಎಂಟು ಚುಕ್ಕೆಗಳು ಮೇಲೇರುವುದು ನಿಂತು ಕೆಳಮುಖವಾದದ್ದನ್ನು ನಾನು ನೋಡಿದೆ. ಹತ್ತೂವರೆಗೆ ಮೇಲಿನ ಬಿಡಾರ, ಸಂಜೆ ನಾಲ್ಕಕ್ಕೆ ಬಕರ್‌ಥಾಚ್. ಮೊಮ್ಮಗಳು ಬಂದವಳೇ ನನ್ನ ಪಕ್ಕ ಕುಳಿತು ಬೂಟು ಬಿಚ್ಚಿದಳು. "ತುದಿಯ ಮೇಲಿನ ಬಾವುಟಗಳು ಕಾಣುತ್ತಿದ್ದವು ತಾತ" ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ಬಿಸಿ ಚಹಾ ಕೊಟ್ಟೆ, ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ, "ಇಳಿಯುವಾಗ ಕೊನೆಯ ಇಳಿಜಾರಿನಲ್ಲಿ ಕಾಲು ಹೂಳಲು ಶುರುವಾಗಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಊರಿಗೆ ಬಂದ ಮೇಲೆ ಬೀದಿಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ತುದಿ ಮುಟ್ಟಿದಳಾ?" ನಾನು ಉತ್ತರ ಹುಡುಕುವುದರೊಳಗೆ ನನ್ನ ಹೆಂಡತಿ, "ಮನೆ ಮುಟ್ಟಿದಳು" ಎಂದು ಹೇಳಿ ಒಳಗೆ ಹೋಗುತ್ತಾಳೆ.

ಮಕ್ಕಳೇ, ಹಿಮವಿಲ್ಲದ ನಮ್ಮ ಊರಿನಲ್ಲೂ ಹಿಮ ಜಾರುವ ಬಗೆಯನ್ನು ನೋಡಬಹುದು. ಒಂದು ಉದ್ದನೆಯ ಹಲಗೆಗೆ ಒರಟು ಟವೆಲ್ ಸುತ್ತಿ. ಅಜ್ಜಿಯ ಅಪ್ಪಣೆ ಪಡೆದು, ಹುಳು ಬಿದ್ದು ಎಸೆಯಲಿಟ್ಟ ಮೈದಾಹಿಟ್ಟನ್ನು ಅದರ ಮೇಲೆ ಒಂದು ಪದರ ಹರಡಿ ಮೆಲ್ಲಗೆ ಒತ್ತಿ. ಅದರ ಮೇಲೆ ತೆಳ್ಳಗೆ ಸಕ್ಕರೆ. ಅದರ ಮೇಲೆ ಮತ್ತೆ ಹಿಟ್ಟು. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಮೇಲಿನ ಪದರ ಜಾರಿದ ಕ್ಷಣದಲ್ಲಿ ದಾರ ಕಟ್ಟಿದ ಕೋನಮಾಪಕದಿಂದ ಅಳೆಯಿರಿ. ಸಕ್ಕರೆ ಇಲ್ಲದೆ ಇನ್ನೊಮ್ಮೆ ಮಾಡಿ. ಎರಡು ಅಂಕಿಗಳನ್ನೂ ಪುಸ್ತಕದಲ್ಲಿ ಬರೆದು ಹೋಲಿಸಿ. ಹಿಟ್ಟು ಚೆಲ್ಲಿದ ಜಾಗವನ್ನು ನೀವೇ ಗುಡಿಸಿ.

ಇನ್ನು ನನ್ನ ವಯಸ್ಸಿನವರಿಗೆ. ಮೊಮ್ಮಕ್ಕಳು ಹಿಮದ ಬೆಟ್ಟಕ್ಕೆ ಹೊರಟರೆ ಬೇಡವೆಂದು ಅಡ್ಡ ಮಲಗುವುದೂ ಬೇಡ, ಕಣ್ಣುಮುಚ್ಚಿ ಕಳುಹಿಸುವುದೂ ಬೇಡ. ಕರೆದುಕೊಂಡು ಹೋಗುವವರಿಗೆ ಫೋನ್ ಮಾಡಿ ಐದು ಪ್ರಶ್ನೆ ಕೇಳಿ.

ಒಂದು, ಶಿಖರದ ದಿನ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಎಷ್ಟು ಹೊತ್ತಿಗೆ ತಿರುಗುತ್ತೀರಿ?

ಎರಡು, ಹವೆ ಕೆಟ್ಟರೆ ಕಾಯಲು ಹೆಚ್ಚಿನ ದಿನ ಇಟ್ಟುಕೊಂಡಿದ್ದೀರಾ?

ಮೂರು, ಹಿಂದಿನ ಮೂರು ದಿನ ಎಷ್ಟು ಹಿಮ ಬಿತ್ತು, ರಾತ್ರಿ ಮೋಡವಿತ್ತೇ, ಗಾಳಿ ಹೇಗಿತ್ತು ಎಂದು ಯಾರು ಬರೆದಿಡುತ್ತಾರೆ?

ನಾಲ್ಕು, ಹೂತವರನ್ನು ಪತ್ತೆಹಚ್ಚುವ ರೇಡಿಯೋ, ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿ ಇರುತ್ತವೆಯೇ? ಅವನ್ನು ಬಳಸುವ ಅಭ್ಯಾಸ ಮಾಡಿಸುತ್ತೀರಾ?

ಐದು, 'ಇಂದು ಬೇಡ' ಎಂದು ಹೇಳುವ ಅಧಿಕಾರ ಯಾರಿಗಿದೆ?

ಐದನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಚೀಲ ಕಟ್ಟಿಕೊಡಿ. ಜೊತೆಗೆ ಸ್ವಲ್ಪ ಕೊಬ್ಬರಿ ಮಿಠಾಯಿ ಇಟ್ಟರೆ ಒಳ್ಳೆಯದು. ಆ ಚಳಿಯಲ್ಲಿ ಅದು ಕೆಡುವುದಿಲ್ಲ. ನನ್ನ ಮೊಮ್ಮಗಳು ಬರುವ ಮೇ ತಿಂಗಳಿಗಾಗಿ ಮತ್ತೆ ಮನೆಪಾಠ ಶುರುಮಾಡಿದ್ದಾಳೆ. ಈ ಸಲ ಕಾಯುವುದಕ್ಕೆ ಎರಡು ದಿನ ಇಟ್ಟುಕೊಂಡಿದ್ದಾಳೆ.